ಗುಡ್ಡದ ಮಾತು ಕೇಳಿ ಕಟ್ಟಿದ ಅರಮನೆ: ಚಾಂಗ್‌ಡೊಕ್‌ಗುಂಗ್ ನೋಡಿದ ನನ್ನ ಅನುಭವ

ಸಿಯೋಲ್‌ಗೆ ಬಂದವರಲ್ಲಿ ಹೆಚ್ಚಿನವರು ಮೊದಲು ಹೋಗುವುದು ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ. ಅದು ದೊಡ್ಡದು, ಫೋಟೊಗೂ ಚೆಂದ. ಒಂದೇ ಅರಮನೆಯನ್ನು ನಿಧಾನವಾಗಿ ನೋಡಬೇಕು ಅಂತ ನನಗೆ ಆಸೆಯಿತ್ತು. ಹಾಗಾಗಿ ಅದರ ಪೂರ್ವಕ್ಕಿರುವ ಚಾಂಗ್‌ಡೊಕ್‌ಗುಂಗ್ ಆರಿಸಿಕೊಂಡೆ. ಈಗ ಸಿಯೋಲ್‌ಗೆ ಹೊರಟ ಗೆಳೆಯರಿಗೆಲ್ಲ ಇದನ್ನೇ ಹೇಳುತ್ತೇನೆ.

ಮೊದಲು ಮಾಡಿದ ಕೆಲಸ ಟಿಕೆಟ್. ಅರಮನೆಗೆ ಒಂದು ಟಿಕೆಟ್, ಹಿಂದಿನ ಹುವೊನ್ ಎಂಬ ತೋಟಕ್ಕೆ ಬೇರೆ ಟಿಕೆಟ್. ತೋಟದೊಳಗೆ ಗೊತ್ತಾದ ಸಮಯಕ್ಕೆ, ಇಷ್ಟೇ ಜನ ಅಂತ ಲೆಕ್ಕ ಹಾಕಿ ಗೈಡ್ ಜೊತೆ ಬಿಡುತ್ತಾರೆ. ಎಲೆ ಕೆಂಪಾಗುವ ಶರತ್ಕಾಲದಲ್ಲಂತೂ ಟಿಕೆಟ್ ಬೇಗ ಖಾಲಿ. ಹಾಗಾಗಿ ಇಂಗ್ಲಿಷ್ ಗೈಡ್ ಇರುವ ಸಮಯ ನೋಡಿ ಆನ್‌ಲೈನ್‌ನಲ್ಲಿ ಮುಂಚೆಯೇ ಬುಕ್ ಮಾಡಿದೆ. ಸೋಮವಾರ ಈ ಅರಮನೆಗೆ ರಜೆ, ಅದನ್ನು ಮರೆಯಬೇಡಿ. ಮೆಟ್ರೊದ 3ನೇ ಲೈನಿನಲ್ಲಿ ಅಂಗುಕ್ ನಿಲ್ದಾಣದಲ್ಲಿ ಇಳಿದು ನಡೆದೆ. ದಾರಿಗೆ ಕೊರಿಯಾದ ನೇವರ್ ಮ್ಯಾಪ್ ಆ್ಯಪ್ ಹಾಕಿಕೊಂಡಿದ್ದೆ. ಅಲ್ಲಿ ನಡೆದು ಹೋಗುವ ದಾರಿಗೆ ಅದೇ ಅನುಕೂಲ.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದೆ. ಇಲ್ಲಿ ಕಾಲಿಟ್ಟ ಕೂಡಲೇ ಗೊತ್ತಾಗುವುದು ಒಂದು ವಿಷಯ. ಡೋನ್‌ಹ್ವಾಮುನ್ ಹೆಬ್ಬಾಗಿಲಲ್ಲಿ ನಿಂತರೆ ಸಿಂಹಾಸನದ ಮನೆ ಎದುರಿಗೆ ಕಾಣುವುದೇ ಇಲ್ಲ! ಸ್ವಲ್ಪ ಮುಂದೆ ಹೋಗಿ ಬಲಕ್ಕೆ ತಿರುಗಬೇಕು. 1411ರಲ್ಲಿ ಕಟ್ಟಿದ ಗುಮ್‌ಚೊನ್‌ಗ್ಯೋ ಎಂಬ ಕಲ್ಲಿನ ಸೇತುವೆ ದಾಟಬೇಕು. ಇನ್ನೊಂದು ಬಾಗಿಲು ದಾಟಿ ಎಡಕ್ಕೆ ತಿರುಗಿದರೆ ಆಗ ಸಿಂಹಾಸನದ ಮನೆ ಇಂಜೊಂಗ್‌ಜೊನ್ ಎದುರಾಗುತ್ತದೆ. ನಡುವಿನ ಅಂಗಳ ಕೂಡ ಚೌಕವಾಗಿಲ್ಲ, ಒಂದು ಕಡೆ ಕಿರಿದಾಗುತ್ತಾ ಹೋಗುತ್ತದೆ. ಹಿಂದೆ ಗುಡ್ಡ ಇದೆ, ಪಕ್ಕದಲ್ಲೂ ಇಳಿಜಾರು. ಅದನ್ನು ಕಡಿದು ಸಮ ಮಾಡದೆ, ನೆಲ ಎಲ್ಲಿ ಜಾಗ ಕೊಟ್ಟಿತೋ ಅಲ್ಲೇ ಮನೆಗಳನ್ನು ಕೂರಿಸಿದ್ದಾರೆ. ಅಧಿಕಾರ ಇದ್ದವರು ಹೀಗೆ ಕಟ್ಟುವುದು ಅಪರೂಪ ಅಲ್ವಾ? 1405ರಲ್ಲಿ ಕೊರಿಯಾ ಆಳಿದ ಜೋಸೊನ್ ವಂಶದ ಮೂರನೆಯ ರಾಜ ಥೇಜೋಂಗ್ ಕಾಲದಲ್ಲಿ ಇದು ಎದ್ದಿತು. 1592ರ ಜಪಾನ್ ದಾಳಿಯಲ್ಲಿ ಸಿಯೋಲ್‌ನ ಅರಮನೆಗಳೆಲ್ಲ ಸುಟ್ಟವು. ಆಮೇಲೆ ಮೊದಲು ಮತ್ತೆ ಕಟ್ಟಿದ್ದು ಇದನ್ನೇ. ಸುಮಾರು 270 ವರ್ಷ ರಾಜರ ಮುಖ್ಯ ಮನೆ ಇದೇ ಆಗಿತ್ತು. 1997ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಇಂಜೊಂಗ್‌ಜೊನ್ ಅಂಗಳದಲ್ಲಿ ಸಾಲಾಗಿ ಚಿಕ್ಕ ಕಲ್ಲುಗಳು ನಿಂತಿವೆ. ಯಾವ ದರ್ಜೆಯ ಅಧಿಕಾರಿ ಎಲ್ಲಿ ನಿಲ್ಲಬೇಕು ಎಂದು ಗುರುತಿಸುವ ಕಲ್ಲುಗಳು ಅವು. ಒಳಗೆ ಸಿಂಹಾಸನದ ಹಿಂದೆ ಸೂರ್ಯ, ಚಂದ್ರ, ಐದು ಬೆಟ್ಟಗಳ ಪರದೆ. ತಲೆ ಎತ್ತಿದರೆ ವಿದ್ಯುತ್ ದೀಪಗಳು! ಅವು ವಂಶದ ಕೊನೆಯ ಕಾಲದಲ್ಲಿ ಬಂದವು. ಪಕ್ಕದಲ್ಲಿ ರಾಜರ ಕಚೇರಿಯಾಗಿದ್ದ ಸೊಂಜೊಂಗ್‌ಜೊನ್‌ಗೆ ನೀಲಿ ಹೆಂಚು. ಈ ಅರಮನೆಯಲ್ಲಿ ಹಾಗೆ ಉಳಿದಿರುವುದು ಅದೊಂದೇ.

ನಾನು ಜಾಸ್ತಿ ಹೊತ್ತು ನಿಂತದ್ದು ಮಾತ್ರ ಮನೆಗಳ ಬುಡದಲ್ಲಿ. ಬಗ್ಗಿ ನೋಡಿದರೆ ಜಗಲಿಯ ಕೆಳಗೆ ಒಲೆಬಾಯಿ ಕಾಣುತ್ತದೆ. ಅಲ್ಲಿ ಬೆಂಕಿ ಹಾಕಿದರೆ ಬಿಸಿ ಹೊಗೆ ನೆಲದ ಚಪ್ಪಡಿಗಳ ಅಡಿಯಲ್ಲಿ ಹರಿದು ಆಚೆ ಕಡೆಯ ಚಿಮಣಿಯಿಂದ ಹೊರಗೆ ಹೋಗುತ್ತಿತ್ತು. ನೆಲವೇ ಬೆಚ್ಚಗಾಗುತ್ತಿತ್ತು. ಇದೇ ಒಂಡೋಲ್. ನಮ್ಮ ಮಲೆನಾಡಿನ ಬಚ್ಚಲ ಹಂಡೆಯ ಒಲೆಯನ್ನು ಮನೆಯಡಿಗೆ ಚಾಚಿದ ಹಾಗೆ. ಚಳಿಗಾಲದಲ್ಲಿ ಸಿಯೋಲ್ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಇದಿಲ್ಲದೆ ಆ ಕಾಗದದ ಬಾಗಿಲುಗಳ ಹಿಂದೆ ಬದುಕುವುದು ಕಷ್ಟವಿತ್ತು. ಗೋಡೆಯ ಬಣ್ಣ ನೋಡುವವರು ಈ ಒಲೆಬಾಯಿಗಳನ್ನೂ ಹುಡುಕಿ ನೋಡಿ.

ಆಮೇಲೆ ಹುವೊನ್. ಅರಮನೆಯ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಇದೆ. ಏರು, ಇಳಿತ ಇರುವುದರಿಂದ ಒಳ್ಳೆಯ ಶೂ ಬೇಕು. ಬುಯೊಂಗ್‌ಜಿ ಕೊಳ ಚೌಕ, ಅದರ ನಡುವೆ ದುಂಡನೆಯ ನಡುಗಡ್ಡೆ. ಭೂಮಿ ಚೌಕ, ಆಕಾಶ ದುಂಡು ಅನ್ನುವ ಹಳೆಯ ನಂಬಿಕೆಯಂತೆ. ಮೇಲಿನ ದಿಬ್ಬದಲ್ಲಿ ರಾಜ ಜೊಂಗ್‌ಜೋ 1776ರಲ್ಲಿ ಕಟ್ಟಿಸಿದ ಜುಹಮ್ನು. ಕೆಳಗೆ ಪುಸ್ತಕ ಭಂಡಾರ, ಮೇಲೆ ಓದುವ ಜಾಗ. ಪಕ್ಕದ ಯೊಂಗ್‌ಹ್ವಾಡಾಂಗ್ ಮುಂದಿನ ಬಯಲಲ್ಲಿ ಸರಕಾರಿ ಕೆಲಸದ ಪರೀಕ್ಷೆ ನಡೆಯುತ್ತಿತ್ತು. ಇಂಥ ಜಾಗದಲ್ಲಿ ಉತ್ತರ ಬರೆಯಲು ಕೂತವರ ಎದೆಬಡಿತ ಎಷ್ಟಿತ್ತೋ! ಗೈಡ್ ಮುಂದೆ ಹೊರಟರೂ ನಾನು ಕೊಳದ ಹತ್ತಿರ ಗುಂಪಿನ ಕೊನೆಯಲ್ಲೇ ಉಳಿದೆ. ಜನ ಸರಿದಾಗ ಮಾತ್ರ ನೀರಲ್ಲಿ ಮಾಡಿನ ನೆರಳು ಪೂರ್ತಿ ಕಾಣುತ್ತದೆ.

ನಕ್‌ಸೊನ್‌ಜೇಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ನೀವೂ ಹಾಗೇ ಮಾಡಿ. ಅಷ್ಟು ಹೊತ್ತು ಕೆಂಪು, ಹಸಿರು ನೋಡಿದ ಕಣ್ಣಿಗೆ ಇಲ್ಲಿ ಬಣ್ಣವೇ ಇಲ್ಲದ ಮರ ಸಿಗುತ್ತದೆ. 1847ರಲ್ಲಿ ರಾಜ ಹೊನ್‌ಜೋಂಗ್ ಕಟ್ಟಿಸಿದ ಮನೆ ಇದು. ಜಪಾನಿಗೆ ಕಳಿಸಲ್ಪಟ್ಟಿದ್ದ ಜೋಸೊನ್ ವಂಶದ ರಾಜಕುಮಾರಿ ಡೊಕ್‌ಹ್ಯೆ 1962ರಲ್ಲಿ ದೇಶಕ್ಕೆ ಮರಳಿ, ಕೊನೆಯ ವರ್ಷಗಳನ್ನು ಇಲ್ಲೇ ಕಳೆದು, 1989ರಲ್ಲಿ ತೀರಿಕೊಂಡಳು. ಜೋಸೊನ್ ಕಾಲ ಬಹಳ ಹಳೆಯದು ಅಂದುಕೊಂಡು ಬರುತ್ತೇವೆ. ಅದರ ಕೊನೆಯ ಮನುಷ್ಯರು ನನ್ನ ಅಪ್ಪ ಅಮ್ಮನ ಕಾಲದಲ್ಲೂ ಈ ಜಗಲಿಯಲ್ಲಿ ಓಡಾಡಿದ್ದರು. ಈ ಮನೆಗೆ ಅಂತಲೇ ಒಂದಿಷ್ಟು ಸಮಯ ಉಳಿಸಿಕೊಳ್ಳಿ. ಒಟ್ಟು ಅರ್ಧ ದಿನವಾದರೂ ಬೇಕು. ಅದೇ ದಿನ ಇನ್ನೊಂದು ಅರಮನೆ ಸೇರಿಸಬೇಡಿ.