ಹಳೇ ಫೋನ್ ಎಕ್ಸ್‌ಚೇಂಜಿಗೆ ಕೊಡೋ ಮುಂಚೆ 32-ಬಿಟ್ ಆ್ಯಪ್ ಒಂದ್ಸಲ ನೋಡ್ಕೊಳ್ಳಿ

ನಮ್ಮಪ್ಪ ಅಡಿಕೆ ಲೆಕ್ಕ ಎಲ್ಲಾ ಒಂದು ಪುಟ್ಟ ಆ್ಯಪಲ್ಲೇ ಬರೀತಿದ್ರು, ಅಡಿಕೆ ಕೊಯ್ಯೋ ಕೊನೆಗೌಡಂಗೆ ಎಷ್ಟು ಕೊಟ್ಟಿದ್ದು, ಮಂಡಿಲಿ ಯಾವ ರೇಟಿಗೆ ಹೋಗಿದ್ದು, ಎಲ್ಲಾ. ದಸರಾ ಆಫರಲ್ಲಿ ಹೊಸ ಫೋನ್ ತರಿಸಿದ್ವಿ, ಡೆಲಿವರಿ ಹುಡುಗ ಬಾಗಿಲಲ್ಲೇ ಹಳೇದನ್ನ ರೀಸೆಟ್ ಮಾಡಿಸ್ಕೊಂಡು ಬ್ಯಾಗಿಗೆ ಹಾಕ್ಕೊಂಡು ಹೋದ, ಆಮೇಲೆ ನೋಡಿದ್ರೆ ಹೊಸ ಫೋನಲ್ಲಿ ಆ ಆ್ಯಪ್ ಇನ್‌ಸ್ಟಾಲೇ ಆಗ್ಲಿಲ್ಲ, 'ನಿಮ್ಮ ಫೋನಿಗೆ ಹೊಂದಲ್ಲ' ಅಂತ ಬಂತು. ಲೆಕ್ಕ ಇದ್ದಿದ್ದು ಫೋನಲ್ಲಿ ಮಾತ್ರ. ಹೋಯ್ತು.

ಕಾರಣ ಇಷ್ಟೇ, ಆ ಆ್ಯಪ್ 32-ಬಿಟ್, ಹೊಸ ಫೋನ್ 64-ಬಿಟ್ ಮಾತ್ರ (ಬಿಟ್ ಅಂದ್ರೆ ಪ್ರೊಸೆಸರ್ ಒಂದ್ಸಲಕ್ಕೆ ಎಷ್ಟು ದೊಡ್ಡ ಸಂಖ್ಯೆ ನಿಭಾಯಿಸುತ್ತೆ ಅನ್ನೋ ಲೆಕ್ಕ). ಹಳೇ ಆರ್ಮ್ ಪ್ರೊಸೆಸರ್‌ಗಳು (ಮೊದಲ ಮೋಟೋ ಜಿ, ರೆಡ್‌ಮಿ 1ಎಸ್ ಕಾಲದವು) 32-ಬಿಟ್, ಒಂದು ಆ್ಯಪಿಗೆ 4 ಜಿಬಿಗಿಂತ ಜಾಸ್ತಿ ಮೆಮೊರಿ ಬಳಸೋಕೇ ಬರಲ್ಲ. 2011ರಲ್ಲಿ ಈ ಪ್ರೊಸೆಸರ್‌ಗಳ ವಿನ್ಯಾಸ ಮಾಡೋ ಆರ್ಮ್ ಕಂಪನಿ ವಿ8 ಅಂತ 64-ಬಿಟ್ ಆರ್ಕಿಟೆಕ್ಚರ್ (ಚಿಪ್ಪಿನ ಮೂಲ ವಿನ್ಯಾಸ) ಅನೌನ್ಸ್ ಮಾಡ್ತು, 2013ರಲ್ಲಿ ಐಫೋನ್ 5ಎಸ್ ಅದನ್ನ ಮೊದಲು ಫೋನಿಗೆ ತಂತು, ಆಂಡ್ರಾಯ್ಡಿಗೆ 2014ರ ಲಾಲಿಪಾಪಲ್ಲಿ (ಆಂಡ್ರಾಯ್ಡ್ 5) ಬಂತು. ಆದ್ರೆ ಹೊಸ ಚಿಪ್‌ಗಳು ಹಳೇ 32-ಬಿಟ್ ಆ್ಯಪನ್ನೂ ಓಡಿಸ್ತಿದ್ವು, ಅದಕ್ಕೇ ಇಷ್ಟು ವರ್ಷ ಯಾರಿಗೂ ಗೊತ್ತಾಗ್ಲಿಲ್ಲ. ಈಗ ಆ ಬಾಗಿಲು ಮುಚ್ತಾ ಇದೆ. 2022ರ ಗೂಗಲ್ ಪಿಕ್ಸೆಲ್ 7 ಮೊದಲ 64-ಬಿಟ್ ಮಾತ್ರದ ಆಂಡ್ರಾಯ್ಡ್ ಫೋನ್, ತಮಾಷೆ ಅಂದ್ರೆ ಅದರ ಚಿಪ್ಪಿಗೆ 32-ಬಿಟ್ ಬರುತ್ತೆ, ಸಾಫ್ಟ್‌ವೇರಲ್ಲೇ ಬಂದ್ ಮಾಡಿದ್ರು, 150 ಎಂಬಿವರೆಗೆ ರಾಮ್ ಉಳಿಯುತ್ತೆ ಅಂತ. ಸ್ನಾಪ್‌ಡ್ರಾಗನ್ 8 ಜೆನ್ 2 ಅನ್ನೋ ಚಿಪ್ಪಲ್ಲಿ ಹಳೇ ಆ್ಯಪ್‌ಗೋಸ್ಕರ ಅಂತಲೇ ಎರಡು ಎ710 ಕೋರ್ (ಚಿಪ್ಪಿನ ಒಳಗೆ ಕೆಲಸ ಮಾಡೋ ಘಟಕ) ಉಳಿಸ್ಕೊಂಡಿದ್ರು, ಜೆನ್ 3ರಲ್ಲಿ ಅದೂ ಇಲ್ಲ. ಐಫೋನ್‌ನವ್ರು ಇದನ್ನ ಓದೋದೇ ಬೇಡ, ನಿಮ್ದು 2017ರ ಐಓಎಸ್ 11ರಲ್ಲೇ ಮುಗಿದ ಕಥೆ.

ಸರಿ, ಏನ್ ಮಾಡ್ಬೇಕು ಅಂದ್ರೆ, ಮೊದಲು ಕೈಲಿರೋ ಫೋನ್ ಯಾವುದು ಅಂತ ನೋಡಿ. ಸಿಪಿಯು-ಝಡ್ ಆ್ಯಪ್ ಹಾಕ್ಕೊಂಡು ಸಿಸ್ಟಮ್ ಟ್ಯಾಬಲ್ಲಿ ಕರ್ನಲ್ ಆರ್ಕಿಟೆಕ್ಚರ್ ಅನ್ನೋ ಸಾಲು ಹುಡುಕಿ, 'ಎಆರ್ಚ್64' (aarch64) ಅಂತಿದ್ರೆ 64-ಬಿಟ್ ಕರ್ನಲ್ (ಓಎಸ್‌ನ ತಿರುಳು), 'ಆರ್ಮ್‌ವಿ7' (armv7) ಅಂತಿದ್ರೆ 32. ಚಿಪ್ ಹೆಸರು ನೋಡಿ ಮೋಸ ಹೋಗ್ಬೇಡಿ ಮಾತ್ರ. ರೆಡ್‌ಮಿ 2ರ ಸ್ನಾಪ್‌ಡ್ರಾಗನ್ 410 64-ಬಿಟ್ಟೇ, ಆದ್ರೆ ಬಂದಿದ್ದು ಆಂಡ್ರಾಯ್ಡ್ ಕಿಟ್‌ಕ್ಯಾಟ್ ಜೊತೆ, ಅದು 32-ಬಿಟ್ ಓಎಸ್. ರೆಡ್‌ಮಿ 6ಎ ಕೂಡ ಹಂಗೇ. ಇಂಥ ಫೋನಿಗೆ 64-ಬಿಟ್ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲ್) ಹಾಕಿದ್ರೆ ಹತ್ತಲ್ಲ.

ಆಮೇಲೆ ಆ್ಯಪ್‌ಗಳು. ಎಲ್ಲಾನೂ ನೋಡ್ತಾ ಕೂರೋದು ಬೇಡ, ವಾಟ್ಸಾಪ್, ಫೋನ್‌ಪೇ ಥರದ್ದಕ್ಕೆ ಏನೂ ಆಗಲ್ಲ. ಎಪಿಕೆ ಕಳಿಸಿ ಹಾಕ್ಕೊಂಡಿದ್ದು, ವರ್ಷಗಟ್ಲೆ ಅಪ್‌ಡೇಟ್ ಬರದೇ ಇರೋದು, ಹಳೇ ಗೇಮ್, ಹಳೇ ಡಿಕ್ಷನರಿ, ಲೆಕ್ಕದ ಆ್ಯಪ್, ಇವೇ ಕೈ ಕೊಡೋದು. ಸುಲಭದ ದಾರಿ ಅಂದ್ರೆ ಯಾರದ್ದಾದ್ರೂ ಹೊಸ ಫೋನಲ್ಲಿ ಪ್ಲೇಸ್ಟೋರ್ ತೆಗೆದು ಹುಡುಕಿ, 2021ರ ಆಗಸ್ಟಿಂದ 64-ಬಿಟ್ ಫೋನ್‌ಗಳಿಗೆ 32-ಬಿಟ್ ಮಾತ್ರ ಇರೋ ಆ್ಯಪನ್ನ ಪ್ಲೇಸ್ಟೋರ್ ಕೊಡಲ್ಲ, ಸೋ ಇನ್‌ಸ್ಟಾಲ್ ಬಟನ್ ಬಂತು ಅಂದ್ರೆ ನೆಮ್ಮದಿ.

ಎಪಿಕೆ ಫೈಲ್ ಕೈಲಿದ್ರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಅದರ ಹೆಸರಿನ ಕೊನೇಲಿ ಝಿಪ್ ಅಂತ ಬದಲಾಯಿಸಿ ಬಿಚ್ಚಿ, ಒಳಗೆ 'ಲಿಬ್' (lib) ಅನ್ನೋ ಫೋಲ್ಡರ್ ನೋಡಿ. ಅದ್ರಲ್ಲಿ 'ಆರ್ಮ್64-ವಿ8ಎ' (arm64-v8a) ಇದ್ರೆ ಓಕೆ, ಬರೀ 'ವಿ7ಎ' (v7a) ಅಂತ ಮುಗಿಯೋದು ಇದ್ರೆ ಹೊಸ ಫೋನಲ್ಲಿ ಕಷ್ಟ, ಲಿಬ್ ಫೋಲ್ಡರೇ ಇಲ್ಲ ಅಂದ್ರೆ ಪೂರ್ತಿ ಜಾವಾ ಅಥವಾ ಕಾಟ್ಲಿನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಬರೆದಿದ್ದು, ಅದಕ್ಕೆ ಬಿಟ್ ಲೆಕ್ಕನೇ ಇಲ್ಲ. ಆದ್ರೂ ಹತ್ತದೇ ಇರಬಹುದು, ಯಾಕಂದ್ರೆ ಆಂಡ್ರಾಯ್ಡ್ 14ರಿಂದ 5.1 ಅಥವಾ ಅದಕ್ಕೂ ಹಳೇ ಆಂಡ್ರಾಯ್ಡಿಗೆ ಅಂತ ಮಾಡಿದ ಆ್ಯಪ್‌ಗಳನ್ನ ಹೊಸದಾಗಿ ಹಾಕೋಕೆ ಬಿಡಲ್ಲ. ಅದು ಬೇರೆ ಜಗಳ, ಪ್ರೊಸೆಸರ್ ತಪ್ಪಲ್ಲ.

ಹತ್ತಲ್ಲ ಅಂತ ಗೊತ್ತಾದ್ರೆ ಹಳೇ ಫೋನ್ ಜೀವ ಇರುವಾಗ್ಲೇ ಡೇಟಾ ಹೊರಗೆ ತೆಗೀರಿ. ಸೆಟ್ಟಿಂಗ್ಸಲ್ಲಿ ಎಕ್ಸ್‌ಪೋರ್ಟ್ ಇದ್ರೆ ಸಿಎಸ್‌ವಿ (ಎಕ್ಸೆಲಲ್ಲಿ ತೆರೆಯೋ ಪಟ್ಟಿ) ಅಥವಾ ಪಿಡಿಎಫ್ ಮಾಡಿ ನಿಮಗೇ ಮೇಲ್ ಮಾಡ್ಕೊಳ್ಳಿ. ಆ್ಯಪಿನ ಒಳಗಿನ ಬ್ಯಾಕಪ್ ಫೈಲ್ ಒಂದನ್ನೇ ನಂಬ್ಬೇಡಿ, ಅದನ್ನ ತೆರೆಯೋಕೆ ಮತ್ತೆ ಅದೇ ಆ್ಯಪ್ ಬೇಕಲ್ಲ! ಎಕ್ಸ್‌ಪೋರ್ಟೇ ಇಲ್ವಾ, ಒಂದೊಂದೇ ಪೇಜ್ ಸ್ಕ್ರೀನ್‌ಶಾಟ್ ಹೊಡೀರಿ, ಬೋರ್ ಹೊಡೆಯುತ್ತೆ ನಿಜ.

ಆ ಆ್ಯಪ್ ಬೇಕೇ ಬೇಕು ಅಂದ್ರೆ ದುಬಾರಿ ಫ್ಲ್ಯಾಗ್‌ಶಿಪ್ ಬಿಟ್ಟು ಎ78, ಎ55 ಕೋರ್ ಇರೋ ಮಿಡ್‌ರೇಂಜ್ ಫೋನ್ ನೋಡಿ, ಈ ಕೋರ್‌ಗಳಿಗೆ 32-ಬಿಟ್ ಬರುತ್ತೆ, ಆದ್ರೆ ಪಿಕ್ಸೆಲ್ ಥರ ಸಾಫ್ಟ್‌ವೇರಲ್ಲಿ ಬಂದ್ ಮಾಡಿದಾರಾ ಅಂತ ಕೇಳ್ಕೊಳ್ಳಿ, ಪ್ಲೇಸ್ಟೋರ್ ಅಂತೂ ಕೊಡಲ್ಲ, ಎಪಿಕೆ ಫೈಲಿಂದಲೇ ಹಾಕ್ಕೋಬೇಕು. ಇಲ್ಲಾಂದ್ರೆ ಎಕ್ಸ್‌ಚೇಂಜಿಗೆ ಸಿಗೋ ಆ ಎಂಟುನೂರೋ ಸಾವಿರವೋ ರೂಪಾಯಿ ಬಿಟ್ಟು ಹಳೇ ಫೋನ್ ಮನೇಲೇ ಇಟ್ಕೊಳ್ಳಿ, ಸಿಮ್ ತೆಗೆದು, ಅರ್ಧ ಚಾರ್ಜ್ ಮಾಡಿ ಆಫ್ ಮಾಡಿ, ಎರಡ್ಮೂರು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ, ಬ್ಯಾಟರಿ ಉಬ್ಬಿದ್ಯಾ ಅಂತ ಹಿಂದೆ ಮುಟ್ಟಿ ನೋಡಿ.