ಹೊಳೆ ನೀರಿನ ಲೋಹ: ಮೊದಲು ಕಲ್ಲು ನೋಡಿ, ಆಮೇಲೆ ಬಾಟಲಿ ತುಂಬಿ

ಘಟಪ್ರಭೆಯದೊಂದು ಬಾಟಲಿ, ಮಲಪ್ರಭೆಯದೊಂದು ಬಾಟಲಿ ಲ್ಯಾಬಿಗೆ ಕೊಟ್ಟು ‘ಯಾವುದರಲ್ಲಿ ತಾಮ್ರ ಹೆಚ್ಚು?’ ಎಂದು ಕೇಳಿದರೆ, ಬರುವ ಅಂಕಿಯಲ್ಲಿ ಕಲ್ಲು ಮತ್ತು ಇಳಿಜಾರಿನ ಪಾಲೂ ಸೇರಿರುತ್ತದೆ. ಅದನ್ನು ಕಳೆಯದೆ ಕಾರ್ಖಾನೆಯ ಪಾಲು ಎಷ್ಟೆಂದು ಹೇಳಲಾಗದು.

ಶುರು ಮಾಡುವುದು ನಕ್ಷೆಯಿಂದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ‘ಭೂಕೋಶ್’ನಲ್ಲಿ ಶಿಲಾನಕ್ಷೆ, ಇಸ್ರೊದ ‘ಭುವನ್’ನಲ್ಲಿ ಎತ್ತರ-ತಗ್ಗಿನ ದತ್ತಾಂಶ ಸಿಗುತ್ತದೆ. ಹೊಳೆಯ ದಾರಿ ಎಳೆದು, ಕಲ್ಲು ಬದಲಾಗುವ ಕಡೆ ಗುರುತು ಹಾಕಿ. ವಿಜಯಪುರ ಮತ್ತು ಬೆಳಗಾವಿಯ ಉತ್ತರ ಭಾಗದ ಕಪ್ಪು ಲಾವಾಕಲ್ಲಾದ ಬಸಾಲ್ಟ್‌ನಲ್ಲಿ ಕಬ್ಬಿಣ, ತಾಮ್ರ, ವನೇಡಿಯಂ ಹುಟ್ಟಿನಿಂದಲೇ ಜಾಸ್ತಿ. ಗೋಕಾಕ, ಬಾದಾಮಿಯ ಮರಳುಕಲ್ಲು ಬಹುತೇಕ ಬೆಣಚು. ನೀರಿಗೆ ಬಿಟ್ಟುಕೊಡುವುದು ಅತ್ಯಲ್ಪ. ಲೋಕಾಪುರ, ಬಾಗಲಕೋಟೆ ಸುತ್ತಲಿನ ಸುಣ್ಣಕಲ್ಲು ನೀರನ್ನು ಕ್ಷಾರವಾಗಿಸುತ್ತದೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) 8 ದಾಟಿದ ನೀರಿನಲ್ಲಿ ಸೀಸ, ತಾಮ್ರ ಹೂಳಿನ ಕಣಕ್ಕೆ ಅಂಟಿಕೊಳ್ಳುತ್ತವೆ. ವನೇಡಿಯಂ, ಆರ್ಸೆನಿಕ್ ಮಾತ್ರ ಇದಕ್ಕೆ ಉಲ್ಟಾ.

ಇಳಿಜಾರೂ ಲೆಕ್ಕಕ್ಕೆ ಬರಬೇಕು. ಖಾನಾಪುರದ ಕಡಿದಾದ ಹಳ್ಳಗಳಲ್ಲಿ ನೀರು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಲೋಹ ರಾಡಿಯ ಜೊತೆಗೇ ಇಳಿಯುತ್ತದೆ. ಡೋಣಿ ಹೊಳೆಯ ಎರೆಬಯಲಿನಲ್ಲಿ ನೀರು ಮಣ್ಣಿನೊಂದಿಗೆ ಹೆಚ್ಚು ಹೊತ್ತು ಇರುತ್ತದೆ, ಬಿಸಿಲಿಗೆ ಆವಿಯಾಗಿ ಅದರಲ್ಲಿ ಕರಗಿದ್ದು ಸಾಂದ್ರವಾಗುತ್ತದೆ. ಆದ್ದರಿಂದ ಮೇ ತಿಂಗಳಲ್ಲೊಮ್ಮೆ, ಜುಲೈನಲ್ಲೊಮ್ಮೆ, ಪ್ರತಿ ಕಲ್ಲಿನ ಗಡಿಯ ಮೇಲೂ ಕೆಳಗೂ ಮಾದರಿ ತೆಗೆಯಿರಿ.

100 ಮಿ.ಲೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಬಾಟಲಿಗಳನ್ನು ಶೇ 10ರ ನೈಟ್ರಿಕ್ ಆಮ್ಲದಲ್ಲಿ 24 ಗಂಟೆ ನೆನೆಸಿ, ಅಯಾನುಮುಕ್ತ (ಕರಗಿದ ಲವಣ ತೆಗೆದ) ನೀರಿನಲ್ಲಿ 3 ಸಲ ತೊಳೆಯಿರಿ. ಸತುವು ಲೇಪಿಸಿದ ತಗಡಿನ ಬಕೆಟ್ ಬೇಡ. ಅದರ ಸತುವೇ ವರದಿಯಲ್ಲಿ ಕಾಣಿಸುತ್ತದೆ. ಸೇತುವೆಯಿಂದ ಮೇಲಕ್ಕೆ ಸರಿದು, ಹರಿವಿಗೆ ಎದುರಾಗಿ ನಿಂತು ತುಂಬಿ. ಪಿಎಚ್, ಉಷ್ಣತೆ, ವಿದ್ಯುತ್ ವಾಹಕತೆ ಅಲ್ಲೇ ಅಳೆಯಿರಿ.

ಮುಂದಿನ ಹಂತದಲ್ಲೇ ಹೆಚ್ಚಿನವರು ಎಡವುವುದು. ದಂಡೆಯ ಮೇಲೆಯೇ ಸಿರಿಂಜಿಗೆ 0.45 ಮೈಕ್ರಾನ್ ಫಿಲ್ಟರ್ ಸಿಕ್ಕಿಸಿ, ಮೊದಲ 20 ಮಿ.ಲೀ. ಚೆಲ್ಲಿ, ಉಳಿದದ್ದನ್ನು ಬಾಟಲಿಗೆ ಒತ್ತಿ. ಜುಲೈ ನೀರಾದರೆ ಫಿಲ್ಟರಿನ ಬಿಳಿ ಬಿಲ್ಲೆ ನಾಲ್ಕೇ ಒತ್ತಿಗೆ ಚಹಾದ ಬಣ್ಣಕ್ಕೆ ತಿರುಗಿ ಬಿಗಿಯುತ್ತದೆ. ಜೋರು ಮಾಡಿದರೆ ಬಿಲ್ಲೆ ಹರಿದುಹೋಗುತ್ತದೆ, ಹೊಸ ಫಿಲ್ಟರ್ ಹಾಕಿ. ಸೋಸಿದ ಮೇಲಷ್ಟೇ 0.2 ಮಿ.ಲೀ. ಅತಿಶುದ್ಧ ಸಾಂದ್ರ ನೈಟ್ರಿಕ್ ಆಮ್ಲ, ಕೈಗವಸು ಹಾಕಿಕೊಂಡು. ಮೊದಲೇ ಆಮ್ಲ ಬಿದ್ದರೆ ಕಣಗಳಿಗೆ ಅಂಟಿದ ಕಬ್ಬಿಣ, ಅಲ್ಯೂಮಿನಿಯಂ ಕರಗಿ, ಹೊಳೆಯಲ್ಲಿ ಕರಗಿರದ ಲೋಹ ಬಾಟಲಿಯಲ್ಲಿ ‘ಕರಗಿದ’ ಲೋಹವಾಗುತ್ತದೆ. ಪಿಎಚ್ 2ಕ್ಕಿಂತ ಇಳಿಯಿತೇ ಎಂದು ನೋಡಲು ಕಾಗದವನ್ನು ಬಾಟಲಿಗೆ ಅದ್ದಬೇಡಿ, ಒಂದು ಹನಿಯನ್ನು ಕಾಗದದ ಮೇಲೆ ಬಿಡಿ. ಒಂದು ಬಾಟಲಿ ಅಯಾನುಮುಕ್ತ ನೀರನ್ನೂ ಇದೇ ರೀತಿ ಸೋಸಿ ಕಳುಹಿಸಿ. ಅದರಲ್ಲಿ ಲೋಹ ಕಂಡರೆ ತಪ್ಪು ನಿಮ್ಮ ಕೈಯದ್ದು.

ಹೂಳನ್ನೂ ತನ್ನಿ. 63 ಮೈಕ್ರಾನ್ ಜರಡಿಯಲ್ಲಿ ಇಳಿದ ಭಾಗವನ್ನಷ್ಟೇ ಪರೀಕ್ಷೆಗೆ ಕೊಡಿ, ತಾಮ್ರವನ್ನು ಅಲ್ಯೂಮಿನಿಯಂನಿಂದ ಭಾಗಿಸಿ ಹೋಲಿಸಿ. ಇಲ್ಲದಿದ್ದರೆ ಜೇಡಿ ಹೆಚ್ಚಿರುವ ಜಾಗವೆಲ್ಲ ಮಲಿನವಾಗಿ ಕಾಣುತ್ತದೆ.

ಬಾಗಲಕೋಟೆಯ ಬಳಿ ಆಲಮಟ್ಟಿ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ಮ್ಯಾಂಗನೀಸ್ ಏರಿದರೆ ಕೂಡಲೇ ದೂರು ಬರೆಯಬೇಡಿ. ಮೇಲಿನ 1 ಮೀಟರಿನಿಂದ ಒಂದು, ತಳದ ಹತ್ತಿರದಿಂದ ಒಂದು ಮಾದರಿ ತೆಗೆದು, ಕರಗಿದ ಆಮ್ಲಜನಕ ಅಳೆಯಿರಿ. ತಳದಲ್ಲಿ ಆಮ್ಲಜನಕ ಲೀಟರಿಗೆ 1 ಮಿ.ಗ್ರಾಂಗಿಂತ ಕಡಿಮೆಯಿದ್ದು, ಮ್ಯಾಂಗನೀಸ್ ಅಲ್ಲೇ ಹೆಚ್ಚಿದ್ದರೆ, ಅದನ್ನು ಬಿಟ್ಟದ್ದು ಕೆಳಗಿನ ಹೂಳೇ ಇರಬೇಕು.