ಲೈನ್ ಮನೆಗೆ ಅನ್ಯಗ್ರಹದವರು ಬಂದರೆ: ಕೊಡಗಿನ ಕಿರುಚಿತ್ರಕ್ಕೆ ಕಥೆ ಕಟ್ಟುವ ಬಗೆ

ಅನ್ಯಗ್ರಹದ ನಿರಾಶ್ರಿತರು ಮನುಷ್ಯರ ನಡುವೆ ಬದುಕುವ ಕಥೆಯನ್ನು ಕೊಡಗಿನಲ್ಲಿ ಚಿತ್ರೀಕರಿಸಬಯಸುವವರು ನೌಕೆಯ ವಿನ್ಯಾಸಕ್ಕೆ ಕೈಹಾಕುವ ಮೊದಲು, ಬಂದವರ ಹೆಸರನ್ನು ಯಾವ ಕಚೇರಿಯ ಯಾವ ಕಡತದಲ್ಲಿ ಯಾರು ಬರೆದುಕೊಂಡರು ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ನೀಲ್ ಬ್ಲಾಮ್‌ಕ್ಯಾಂಪ್ ನಿರ್ದೇಶನದ 2009ರ ‘ಡಿಸ್ಟ್ರಿಕ್ಟ್ 9’ ಚಿತ್ರದಲ್ಲಿ ನೌಕೆ ಜೋಹಾನ್ಸ್‌ಬರ್ಗ್ ನಗರದ ಮೇಲೆ ಬಂದು ನಿಲ್ಲುವುದು 1982ರಲ್ಲಿ. ಆದರೆ ಕಥೆ ಬಿಗಿಯಾಗುವುದು ಎಷ್ಟೋ ವರ್ಷಗಳ ಬಳಿಕ, ಅಧಿಕಾರಿಯೊಬ್ಬ ಗುಡಿಸಲಿನಿಂದ ಗುಡಿಸಲಿಗೆ ನಡೆದು ತೆರವಿನ ನೋಟಿಸಿಗೆ ಸಹಿ ಹಾಕಿಸಿಕೊಳ್ಳತೊಡಗಿದಾಗ. ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯನ್ನು 1966ರಲ್ಲಿ ಬಿಳಿಯರಿಗಷ್ಟೇ ಮೀಸಲೆಂದು ಘೋಷಿಸಿ, ಮುಂದೆ 60,000ಕ್ಕೂ ಹೆಚ್ಚು ಜನರನ್ನು ಅಲ್ಲಿಂದ ಎಬ್ಬಿಸಿದ ಚರಿತ್ರೆ ಆ ದೃಶ್ಯಗಳ ಬೆನ್ನಿಗಿದೆ.

ಕೊಡಗಿನ ಕಥೆಗಾರರಿಗೆ ಇಂಥ ಹಿನ್ನೆಲೆ ಹತ್ತಿರದಲ್ಲೇ ಇದೆ. ಕುಶಾಲನಗರದ ಬಳಿ ಕಾವೇರಿ ದಾಟಿದರೆ ಮೈಸೂರು ಜಿಲ್ಲೆಯ ಬೈಲಕುಪ್ಪೆ. 1960ರ ದಶಕದ ಆರಂಭದಿಂದ ಟಿಬೆಟನ್ ನಿರಾಶ್ರಿತರು ಅಲ್ಲಿ ನೆಲೆಸಿದ್ದಾರೆ. ನೋಂದಣಿ ಪತ್ರ, ಅದರ ನವೀಕರಣ, ಹಂಚಿಕೆಯ ಜಮೀನು ಇವುಗಳ ಕ್ರಮವನ್ನು ಅಲ್ಲಿಂದ ಕಲಿಯಬಹುದು. ವೇಷವನ್ನಾಗಲಿ ಆಚರಣೆಯನ್ನಾಗಲಿ ಎರವಲು ತರುವುದು ಸಲ್ಲದು, ಏಕೆಂದರೆ ಮುಖವಾಡದ ಹಿಂದೆ ನೆರೆಯವರನ್ನು ಗುರುತಿಸಿ ನಗುವ ಚಿತ್ರ ಯಾರಿಗೂ ಬೇಡ. ಆತಿಥೇಯ ಪಾತ್ರವೊಂದು ಬೇಕಿದ್ದರೆ, 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡು ಪರಿಹಾರ ಕೇಂದ್ರದ ಸಾಲಿನಲ್ಲಿ ನಿಂತಿದ್ದ ಮಕ್ಕಂದೂರಿನ ಕಡೆಯ ಗೃಹಿಣಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರ ಅನುಕಂಪವನ್ನು ವಿವರಿಸುವ ಸಂಭಾಷಣೆಯೇ ಬೇಕಾಗದು. ಅವರ ಅಸಹನೆಯೂ ನಂಬುವಂತಿರುತ್ತದೆ.

ಮುಂದಿನದು ಆಹಾರ, ಮತ್ತು ಇದಕ್ಕೆ ಹೆಚ್ಚು ಸಮಯ ಕೊಡಬೇಕು. ಮೇಲಿನ ಚಿತ್ರದ ಅನ್ಯಜೀವಿಗಳಿಗೆ ಬೆಕ್ಕಿನ ಡಬ್ಬಿ ಆಹಾರದ ಚಪಲವಿದ್ದು, ಆ ಚಪಲವೇ ಅವರನ್ನು ದಂಧೆಕೋರರ ಕೈಗೆ ಸಿಕ್ಕಿಸುತ್ತದೆ. ಇಲ್ಲಿನ ಅತಿಥಿಗಳು ಪಲ್ಪರ್ ಯಂತ್ರದಿಂದ ಹೊರಬೀಳುವ ಕಾಫಿ ಹಣ್ಣಿನ ಸಿಪ್ಪೆಯನ್ನು ತಿಂದು ಬದುಕುವವರೆಂದು ಇಟ್ಟುಕೊಳ್ಳಿ. ಮೊದಲ ವರ್ಷ ಗೊಬ್ಬರದ ಗುಂಡಿಗೆ ಹೋಗುತ್ತಿದ್ದ ಸಿಪ್ಪೆ ಪುಕ್ಕಟೆಯಾಗಿ ಸಿಗುತ್ತದೆ. ಎರಡನೆಯ ವರ್ಷ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಅದನ್ನು ತೂಗಿ ಕೊಡುತ್ತಾನೆ. ಮೂರನೆಯ ವರ್ಷ ಅದು ಕೂಲಿಯಲ್ಲಿ ಕಡಿತವಾಗುತ್ತದೆ. ಕೊಯ್ಲು ಮುಗಿದ ಮೇಲೆ, ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆಗಾಗಿ ಎಲ್ಲರೂ ಆಕಾಶ ನೋಡುವ ಮಾರ್ಚ್ ತಿಂಗಳಲ್ಲಿ, ಅವರು ಏನು ತಿನ್ನುತ್ತಾರೆ ಎಂಬ ಪ್ರಶ್ನೆಯಿಂದಲೇ ನಿಮ್ಮ ಕಥೆಯ ಮಧ್ಯಭಾಗ ಹುಟ್ಟುತ್ತದೆ.

ಮಾತಿನ ವಿಷಯದಲ್ಲಿ ಮಿತವಿರಲಿ. ದೊಡ್ಡವರು ಕೊಡವ ತಕ್ಕ್, ಅರೆಭಾಷೆ, ಕನ್ನಡಗಳಲ್ಲಿ ಆಡುವುದನ್ನು ಕೇಳಿಸಿಕೊಳ್ಳುವ ಅನ್ಯಗ್ರಹದ ಮಗು, ತೋಟದ ಕಾರ್ಮಿಕರು ವಾಸಿಸುವ ಸಾಲುಮನೆಯಾದ ಲೈನ್ ಮನೆಯ ಪಕ್ಕದ ಬಾಗಿಲಿನ ಅಸ್ಸಾಮಿನ ಕಾರ್ಮಿಕರ ಮಾತನ್ನೇ ಮೊದಲು ಕಲಿತರೆ ಸಹಜ. ರೈಟರ್ ಎಲ್ಲರನ್ನೂ ಏಕವಚನದಲ್ಲೇ ಕರೆಯಲಿ.

ವೇಷಕ್ಕೆ ಹಣವಿಲ್ಲದಿದ್ದರೆ ಮಳೆಗಾಲವನ್ನು ಬಳಸಿಕೊಳ್ಳಿ. ಜುಲೈ ಮಂಜಿನಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಗಿಡಗಳ ನಡುವೆ ಬಾಗಿ ಕಳೆ ತೆಗೆಯುವವರಲ್ಲಿ ಅನ್ಯಗ್ರಹದವರು ಯಾರೆಂದು ಕೈಗಳನ್ನು ಕಂಡಾಗಷ್ಟೇ ತಿಳಿಯುವಂತೆ ಮಾಡಿದರೆ, ಪ್ರಸಾಧನ ಕೈಗಳಿಗೆ ಮಾತ್ರ ಸಾಕಾಗುತ್ತದೆ. ತೋಟದ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ದೇವರಕಾಡಿಗೆ ಊರವರನ್ನು ಕೇಳದೆ ಕ್ಯಾಮೆರಾ ಒಯ್ಯಬೇಡಿ. ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ಒಳಗಿನ ಮಾತು ದಾಖಲಾಗದು, ಆದ್ದರಿಂದ ಮನೆಯೊಳಗಿನ ಸಂಭಾಷಣೆಗಳನ್ನು ಡಬ್ಬಿಂಗಿಗೆ ಬಿಟ್ಟು, ಮಳೆಯ ಸದ್ದನ್ನು ಬೇರೆಯಾಗಿ ಧ್ವನಿಮುದ್ರಿಸಿಕೊಳ್ಳಿ.